ಸರ್ಪಸುತ್ತಿನ ಅನಂತರದ ನರವೇದನೆ ಮತ್ತು ಚೀನದ ಸೂಜಿಚಿಕಿತ್ಸೆ

ಕನ್ನಡದಲ್ಲಿ ಸರ್ಪಸುತ್ತು ಎಂದು ಪ್ರಸಿದ್ಧವಾದ ವ್ಯಾಧಿಯನ್ನು ಹೊರನಾಡಿನ ಕನ್ನಡಿಗರು ತಾವು ನೆಲಸಿದ ಊರಿನ ಭಾಷೆಯಲ್ಲಿ ಬೇರೆ ಬೇರೆ ಹೆಸರುಗಳಿಂದ ಕೇಳಿರುತ್ತಾರೆ. ಮುಂಬಯಿ, ಪುಣೆಗಳ ಮರಾಠಿಯಲ್ಲಿ ಅದು ‘ನಾಗೀಣ’. ಚೆನ್ನೈಯ ತಮಿಳಿನಲ್ಲಿ ‘ಅಕ್ಕಿ’. ಕನ್ನಡಿಗರ ಅನ್ನದ ಅಕ್ಕಿಗೂ ಇದಕ್ಕೂ ಯಾವ ನಂಟೂ ಇಲ್ಲ. ಉತ್ತರದ ಹಿಂದೀ ಪ್ರಾಂತಗಳಲ್ಲಿ ಕೆಲವರು ‘ಜನೇವೂ’ ಎನ್ನುತ್ತಾರೆ; ಜನಿವಾರದಂತೆ ಮೈಗೆ ಅಡ್ಡವಾಗಿ ಬೀಳುವುದರಿಂದ ಆ ಹೆಸರು. ಗ್ರೀಕರ ‘ಜೋಸ್ಟರ್’ ಎಂಬ ಮಾತಿಗೆ ನಡುಪಟ್ಟಿ ಎಂದರ್ಥ. ಇಂಗ್ಲಿಷಿನ ‘ಶಿಂಗಲ್ಸ್’ ಎಂಬುದೂ ನಡುಪಟ್ಟಿ ಎಂಬರ್ಥದ ಲ್ಯಾಟಿನ್ ಪದದಿಂದಲೇ ಇಳಿದುಬಂದುದು. ಚೀನದ ವೈದ್ಯಗ್ರಂಥಗಳಲ್ಲಿ ಸೊಂಟವನ್ನು ಬಳಸಿದ ಬೆಂಕಿ ಎಂಬ ಅರ್ಥದ ಹೆಸರೊಂದು, ಹಾವಿನ ಹೆಸರು ಕೂಡಿದ್ದು ಇನ್ನೊಂದು. ಒಬ್ಬರನ್ನೊಬ್ಬರು ಕಂಡರಿಯದ ಜನಾಂಗಗಳು ಒಂದೇ ರೋಗದಲ್ಲಿ ಪಟ್ಟಿ, ಹಾವು, ಬೆಂಕಿ ಎಂಬ ಮೂರೇ ಹೋಲಿಕೆಗಳನ್ನು ಕಂಡುದು ಸೋಜಿಗವಾದರೂ ಅಕಾರಣವಲ್ಲ. ರೋಗದ ಸ್ವರೂಪವೇ ಅಂಥದು.

ಹಾವಿನ ಹೆಡೆಯೂ ಬಾಲವೂ ಕೂಡಿದರೆ ರೋಗಿಯು ಬದುಕಲಾರನೆಂಬ ನಂಬಿಕೆ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಬಹುಕಾಲದಿಂದ ಇದೆ. ಅವು ಕೂಡುವುದಿಲ್ಲವೆಂಬುದು ಸತ್ಯವೇ. ಆದರೆ ಅದನ್ನು ತಡೆಯುವುದು ಮಂತ್ರವೂ ಅಲ್ಲ, ಕೆಮ್ಮಣ್ಣಿನ ಗೆರೆಯೂ ಅಲ್ಲ. ಮನುಷ್ಯನ ಬೆನ್ನುಹುರಿಯಿಂದ ಎಡಕ್ಕೂ ಬಲಕ್ಕೂ ೩೧ ಜೊತೆ ನರಗಳು ಹೊರಡುತ್ತವೆ. ಒಂದೊಂದು ನರವೂ ಮೈಯ ಒಂದು ಪಕ್ಕದ ಒಂದು ಪಟ್ಟಿಯಷ್ಟು ಚರ್ಮಕ್ಕೆ ಮಾತ್ರ ಸೇರಿದ್ದು, ಎದೆಯ ನಟ್ಟನಡುವೆ ಬಂದು ಮುಗಿಯುತ್ತದೆ. ಸಾಮಾನ್ಯವಾಗಿ ರೋಗವು ಒಂದೇ ನರದಲ್ಲಿ ಏಳುವುದರಿಂದ ಗುಳ್ಳೆಗಳ ಸಾಲು ಆ ಎಲ್ಲೆಯನ್ನು ದಾಟಲಾರದು. ತಮಿಳುನಾಡಿನಲ್ಲಿ ಕುಂಬಾರರು ಗುಳ್ಳೆಗಳ ಮೇಲೆ ಕಾವಿಯಿಂದ ಚಿತ್ರ ಬರೆಯುವ ರೂಢಿಯುಂಟು. ಎರಡು ಮೂರು ವಾರಗಳಲ್ಲಿ ಗುಳ್ಳೆಗಳು ತಾವಾಗಿಯೇ ಒಣಗಿ ಉದುರುವುದರಿಂದ, ಬರೆದವನಿಗೆ ಕೀರ್ತಿ ತಪ್ಪದೆ ಬರುತ್ತದೆ. ತಾನಾಗಿ ಇಳಿಯುವ ರೋಗದಲ್ಲಿ ಚಿಕಿತ್ಸೆಯ ಗುಣವನ್ನು ಅಳೆಯುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿಯೇ ಗಮನಿಸಿಟ್ಟುಕೊಂಡರೆ, ಮುಂದೆ ಸೂಜಿಯ ವಿಚಾರ ಬಂದಾಗ ಉಪಯೋಗವಾದೀತು.

ರೋಗದ ಮೂಲವನ್ನು ಕುರಿತ ಶೋಧದ ಕಥೆ ಸ್ವಾರಸ್ಯವಾದುದು. ಸರ್ಪಸುತ್ತಾದವರ ಬಳಿ ಇದ್ದ ಮಕ್ಕಳಿಗೆ ಸೀತಾಳೆ ಸಿಡುಬು ಬರುವುದನ್ನು ಕಂಡು, ಇವೆರಡೂ ಒಂದೇ ಬೀಜದ ಬೆಳೆಗಳಿರಬೇಕೆಂದು ಹಂಗೆರಿಯ ವೈದ್ಯ ಬೋಕಾಯ್ ೧೮೯೨ರಲ್ಲಿ ಸೂಚಿಸಿದನು. ೧೯೦೦ರಲ್ಲಿ ಇಂಗ್ಲೆಂಡಿನ ಹೆನ್ರಿ ಹೆಡ್ ಮತ್ತು ಕ್ಯಾಂಬೆಲ್ ಎಂಬವರು ಮೃತರ ಶರೀರಗಳನ್ನು ಪರೀಕ್ಷಿಸಿ, ಗುಳ್ಳೆಯೆದ್ದ ಪಟ್ಟಿಗೆ ಸೇರಿದ ನರದ ಬುಡದಲ್ಲಿರುವ ಗಂಟಿನಲ್ಲಿ ಉರಿಯೂತವನ್ನೂ ರಕ್ತಸ್ರಾವವನ್ನೂ ಕಂಡರು. ಚರ್ಮದ ರೋಗವೆಂದು ತೋರುವುದು ವಾಸ್ತವವಾಗಿ ನರದ ರೋಗವೆಂಬುದು ಅಂದಿಗೆ ಸ್ಥಿರವಾಯಿತು. ೧೯೫೦ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡು ರೋಗಗಳಿಂದಲೂ ಒಂದೇ ವೈರಸ್ಸನ್ನು ಬೇರ್ಪಡಿಸಿ ಬೋಕಾಯನ ಊಹೆಯನ್ನು ಸಿದ್ಧಪಡಿಸಿದನು. ಉಳಿದ ಕೊಂಡಿಯನ್ನು ಕೂಡಿಸಿದವನು ಯಾವ ದೊಡ್ಡ ಪ್ರಯೋಗಶಾಲೆಯ ಪಂಡಿತನೂ ಅಲ್ಲ. ಸೈರನ್‌ಸೆಸ್ಟರ್ ಎಂಬ ಇಂಗ್ಲೆಂಡಿನ ಸಣ್ಣ ಪಟ್ಟಣದಲ್ಲಿ ಮನೆಮನೆಗೆ ಹೋಗಿ ಔಷಧ ಕೊಡುತ್ತಿದ್ದ ಎಡ್ಗರ್ ಹೋಪ್-ಸಿಂಪ್ಸನ್. ಹದಿನಾರು ವರ್ಷಗಳಲ್ಲಿ ತಾನು ಕಂಡ ೧೯೨ ಸರ್ಪಸುತ್ತಿನ ರೋಗಿಗಳ ಲೆಕ್ಕವನ್ನು ಜೋಪಾನವಾಗಿ ಇಟ್ಟು, ೧೯೬೫ರಲ್ಲಿ ಆತನು ತನ್ನ ಸಿದ್ಧಾಂತವನ್ನು ಮಂಡಿಸಿದನು. ಬಾಲ್ಯದಲ್ಲಿ ಸೀತಾಳೆಯನ್ನು ತಂದ ವೈರಸ್ಸು ಅನಂತರ ನರಗಂಟುಗಳಲ್ಲಿ ಅಡಗಿ ಕುಳಿತಿರುತ್ತದೆ. ವಯಸ್ಸಿನೊಡನೆ ದೇಹದ ಕಾವಲು ಸಡಿಲಿದಾಗ ಹೊರಬೀಳುತ್ತದೆ. ಆದುದರಿಂದಲೇ ಇದು ಮುಖ್ಯವಾಗಿ ಐವತ್ತು ದಾಟಿದವರ ವ್ಯಾಧಿ.

ಗುಳ್ಳೆ ಒಣಗಿದ ಮೇಲೆ ಹೆಚ್ಚಿನವರಿಗೆ ರೋಗ ಮುಗಿಯಿತು. ಆದರೆ ಸರ್ಪಸುತ್ತಾದವರಲ್ಲಿ ನೂರಕ್ಕೆ ಸುಮಾರು ೧೦ರಿಂದ ೧೮ ಮಂದಿಗೆ ಅದು ಮುಗಿಯುವುದಿಲ್ಲ. ಗುಳ್ಳೆಯೆದ್ದು ಮೂರು ತಿಂಗಳು ಕಳೆದ ಮೇಲೂ ಉಳಿಯುವ ನೋವಿಗೆ ವೈದ್ಯರು ಸರ್ಪಸುತ್ತಿನ ಅನಂತರದ ನರವೇದನೆ ಎಂದು ಹೆಸರಿಟ್ಟಿದ್ದಾರೆ. ವಯಸ್ಸು ಏರಿದಂತೆ ಅದರ ಸಂಭವವೂ ಏರುತ್ತದೆ. ಈ ನೋವಿನ ಬಗೆಗಳು ಮೂರು. ಸದಾ ಉರಿಯುತ್ತಲೇ ಇರುವುದು ಒಂದು. ಮಿಂಚು ಹೊಡೆದಂತೆ ಆಗಾಗ ಹಾಯುವುದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ವಿಚಿತ್ರವೂ ಕ್ರೂರವೂ ಆದುದು: ನೋವನ್ನು ಉಂಟುಮಾಡಬಾರದ ಸ್ಪರ್ಶವೇ ನೋವಾಗುವುದು. ಬನಿಯನ್ನಿನ ಅಂಚು ತಾಕಿದರೆ, ಫ್ಯಾನಿನ ಗಾಳಿ ಬೀಸಿದರೆ, ಮೊಮ್ಮಗು ಬಂದು ತೊಡೆಯೇರಿದರೆ ರೋಗಿಯು ಚೀರುವಂತಾಗುತ್ತದೆ. ಅದೇ ಜಾಗವನ್ನು ಅಂಗೈಯಿಂದ ಬಲವಾಗಿ ಒತ್ತಿಹಿಡಿದರೆ ಕೆಲವೊಮ್ಮೆ ಸಹ್ಯವಾಗುತ್ತದೆ. ಚರ್ಮದ ಮೇಲೆ ಕಲೆಯ ಹೊರತು ಏನೂ ಕಾಣದು. ಎರಡು ಕೋಣೆಯ ಮನೆಯಲ್ಲಿ ಮಗ ಸೊಸೆಯರೊಡನೆ ಇರುವ ವೃದ್ಧರು ಅಂಗಿ ತೊಡಲೊಲ್ಲದೆ, ಯಾರನ್ನೂ ಹತ್ತಿರ ಸೇರಿಸದೆ, ರಾತ್ರಿ ನಿದ್ದೆಯಿಲ್ಲದೆ ಕುಳಿತಿದ್ದರೆ ಮನೆಯವರು ಅದನ್ನು ಮುಪ್ಪಿನ ಸಿಡುಕೆಂದು ಎಣಿಸುವುದು ಅಪರೂಪವಲ್ಲ. ಸಿಡುಕಿಗೆ ಔಷಧವಿಲ್ಲವೆಂಬ ನಂಬಿಕೆಯಿಂದ ತಿಂಗಳುಗಳು ಕಳೆದುಹೋಗುತ್ತವೆ.

ನೋವು ಏಕೆ ಉಳಿಯುತ್ತದೆಂಬುದನ್ನು ಶರೀರಶಾಸ್ತ್ರಜ್ಞರು ಬಹುಮಟ್ಟಿಗೆ ಬಿಡಿಸಿದ್ದಾರೆ. ಉರಿಯೂತದಿಂದ ನರಗಂಟಿನ ಕೋಶಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಗಾಯಗೊಂಡು ಬದುಕುತ್ತವೆ. ಗಾಯಗೊಂಡವು ಹೊರಗಿನ ಕಾರಣವಿಲ್ಲದೆಯೇ ಸುದ್ದಿ ಕಳಿಸುತ್ತಿರುತ್ತವೆ. ತಂತಿ ಸುಟ್ಟ ಮನೆಯಲ್ಲಿ ಯಾರೂ ಒತ್ತದೆಯೇ ಕರೆಗಂಟೆ ಬಾರಿಸಿದ ಹಾಗೆ. ಎಡೆಬಿಡದ ಈ ಸುದ್ದಿಗೆ ಬೆನ್ನುಹುರಿಯು ತಾನೂ ಬದಲಾಗಿ, ಸಾಧಾರಣ ಸ್ಪರ್ಶದ ಸಂದೇಶವನ್ನು ನೋವೆಂದೇ ಓದತೊಡಗುತ್ತದೆ. ಆದುದರಿಂದ ಸಾಮಾನ್ಯ ನೋವಿನ ಗುಳಿಗೆಗಳು ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಖಿನ್ನತೆಗೆಂದು ಹುಟ್ಟಿದ ಅಮಿಟ್ರಿಪ್ಟಿಲಿನ್ ಎಂಬ ಔಷಧ ಈ ನೋವನ್ನು ತಗ್ಗಿಸುವುದೆಂದು ೧೯೮೨ರಲ್ಲಿ ಟೊರಾಂಟೋದ ವಾಟ್ಸನ್ ಮತ್ತು ಸಂಗಡಿಗರು ತೋರಿಸಿದರು. ಮೂರ್ಛೆರೋಗದ ಔಷಧವಾದ ಗಬಾಪೆಂಟಿನ್ ೧೯೯೮ರಲ್ಲಿ ಪರೀಕ್ಷೆಗೆ ನಿಂತು ಗೆದ್ದಿತು. ಚರ್ಮಕ್ಕೆ ಅಂಟಿಸುವ ಲಿಡೊಕೇನ್ ಪಟ್ಟಿ, ಮೆಣಸಿನಕಾಯಿಯ ಖಾರದ ಸತ್ತ್ವವಾದ ಕ್ಯಾಪ್ಸೈಸಿನ್ ಪಟ್ಟಿ ಇವೂ ಬಂದಿವೆ. ಆದರೂ ಗೆಲುವು ಅರ್ಧವೇ. ಗಬಾಪೆಂಟಿನ್ ಸೇವಿಸಿದವರಲ್ಲಿ ನೂರಕ್ಕೆ ೩೨ ಜನರಿಗೆ ನೋವು ಅರ್ಧದಷ್ಟಾದರೂ ಇಳಿದರೆ, ಹುಸಿಗುಳಿಗೆ ನುಂಗಿದವರಲ್ಲಿ ೧೭ ಜನರಿಗೆ ಅಷ್ಟೇ ಇಳಿಯುತ್ತದೆಂಬುದು ೨೦೧೭ರ ಕಾಕ್ರನ್ ಸಮೀಕ್ಷೆಯ ಲೆಕ್ಕ. ಉಳಿದವರ ಗತಿಯೇನು? ಔಷಧ ಹಿಡಿಸಿದವರಲ್ಲಿಯೂ ತಲೆಸುತ್ತು, ಮಂಪರು, ಬಾಯೊಣಗುವಿಕೆ, ನಡೆಯುವಾಗ ಜೋಲಿ ಮುಂತಾದ ಕಾಟಗಳುಂಟು. ಎಪ್ಪತ್ತೈದರ ವೃದ್ಧೆಗೆ ನೋವು ಇಳಿಸುವ ಮಾತ್ರೆಯಿಂದಲೇ ಬಿದ್ದು ಸೊಂಟದ ಎಲುಬು ಮುರಿದರೆ ಅದನ್ನು ಲಾಭವೆನ್ನಲಾಗದು. ಜನರು ಸೂಜಿಚಿಕಿತ್ಸೆಯ ಬಾಗಿಲಿಗೆ ಹೋಗುವುದು ಈ ಇಕ್ಕಟ್ಟಿನಿಂದ. ಮೌಢ್ಯದಿಂದಲೇ ಹೋಗುತ್ತಾರೆಂದು ಹಳಿಯುವುದು ನ್ಯಾಯವಲ್ಲ.

ಅಕ್ಯುಪಂಕ್ಚರ್ ಎಂಬ ಹೆಸರು ಚೀನೀ ಭಾಷೆಯದಲ್ಲ. ಜಪಾನಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಟೆನ್ ರೈನೆ ಎಂಬವನು ೧೬೮೩ರ ತನ್ನ ಗ್ರಂಥದಲ್ಲಿ ಲ್ಯಾಟಿನ್ನಿನ ಸೂಜಿ ಮತ್ತು ಚುಚ್ಚು ಎಂಬ ಮಾತುಗಳಿಂದ ಕಟ್ಟಿದ್ದು ಅದು. ವಿದ್ಯೆ ಮಾತ್ರ ಬಲು ಹಳೆಯದು. ಆದರೂ ಐದು ಸಾವಿರ ವರ್ಷವೆಂದು ಜಾಹೀರಾತುಗಳಲ್ಲಿ ಕಾಣುವಷ್ಟು ಹಳೆಯದಲ್ಲ. ಕ್ರಿ.ಪೂ. ೧೬೮ರಲ್ಲಿ ಮುಚ್ಚಿದ ಮಾವಾಂಗ್‌ದುಯಿಯ ಸಮಾಧಿಯನ್ನು ೧೯೭೩ರಲ್ಲಿ ಅಗೆದಾಗ ದೊರೆತ ವೈದ್ಯಲಿಪಿಗಳಲ್ಲಿ ದೇಹದ ನಾಳಗಳ ವಿವರವಿದೆ, ಸೊಪ್ಪಿನ ಬತ್ತಿಯಿಂದ ಕಾವು ಕೊಡುವ ಕ್ರಮವಿದೆ, ಸೂಜಿಯ ಪ್ರಸ್ತಾಪವಿಲ್ಲ. ಅದರ ಅನಂತರ ಸಂಕಲಿತವಾದ ‘ಹ್ವಾಂಗ್ದಿ ನೈಜಿಂಗ್’ ಎಂಬ ಗ್ರಂಥದಲ್ಲಿಯೇ ಸೂಜಿಯ ಶಾಸ್ತ್ರ ಪೂರ್ಣವಾಗಿ ಕಾಣಿಸಿಕೊಳ್ಳುವುದು. ಇದು ಭಾರತದಿಂದ ಹೋದ ವಿದ್ಯೆಯೆಂದು ಹೇಳುವವರೂ ಇದ್ದಾರೆ. ಸುಶ್ರುತನ ಸಿರಾವ್ಯಧ ರಕ್ತ ತೆಗೆಯುವ ಕ್ರಿಯೆ; ಮರ್ಮಗಳಾದರೋ ಪೆಟ್ಟು ತಗಲದಂತೆ ಕಾಯಬೇಕಾದ ಸ್ಥಾನಗಳು. ಇವೆರಡರಿಂದ ಚೀನದ ಸೂಜಿಯನ್ನು ಹೊರಡಿಸುವುದು ಅಭಿಮಾನದ ಕೆಲಸವೇ ಹೊರತು ಇತಿಹಾಸದ್ದಲ್ಲ. ಚೀನದಲ್ಲಿಯೂ ಇದಕ್ಕೆ ಸದಾ ಮನ್ನಣೆಯಿರಲಿಲ್ಲ. ೧೮೨೨ರಲ್ಲಿ ಚಕ್ರವರ್ತಿಯ ಆಜ್ಞೆಯಿಂದ ಅರಮನೆಯ ವೈದ್ಯಶಾಲೆಯಿಂದ ಸೂಜಿಯನ್ನು ಹೊರಹಾಕಲಾಯಿತು. ಅದು ಮತ್ತೆ ತಲೆಯೆತ್ತಿದುದು ೧೯೫೦ರ ದಶಕದ ಕಮ್ಯೂನಿಸ್ಟ್ ಸರಕಾರದ ಆಶ್ರಯದಲ್ಲಿ.

ಭಾರತಕ್ಕೆ ಅದು ಬಂದ ದಾರಿ ಕನ್ನಡಿಗರಿಗೆ ಪೂರ್ತಿ ಅಪರಿಚಿತವಲ್ಲ. ೧೯೩೮ರಲ್ಲಿ ಯುದ್ಧಗ್ರಸ್ತ ಚೀನಕ್ಕೆ ಐವರು ಭಾರತೀಯ ವೈದ್ಯರ ತಂಡ ಹೋಯಿತು. ಕನ್ನಡ ಮರಾಠಿ ತೆಲುಗುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಸೊಲ್ಲಾಪುರದ ದ್ವಾರಕಾನಾಥ ಕೋಟಣೀಸರು ಅದರಲ್ಲಿ ಒಬ್ಬರು. ೧೯೪೨ರಲ್ಲಿ ಅಲ್ಲಿಯೇ ತೀರಿಕೊಂಡ ಅವರ ಕಥೆಯನ್ನು ಶಾಂತಾರಾಮರ ಚಲಚ್ಚಿತ್ರ ಮನೆಮಾತು ಮಾಡಿತು. ಅದೇ ತಂಡದ ಬಂಗಾಲಿ ವೈದ್ಯ ಬಿಜಯಕುಮಾರ ಬಸು ಅವರಿಗೆ ಅಷ್ಟು ಪ್ರಸಿದ್ಧಿ ಸಿಗಲಿಲ್ಲ. ೧೯೫೦ರ ದಶಕದ ಕೊನೆಯಲ್ಲಿ ಅವರು ಮತ್ತೆ ಚೀನಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತು ಕಲ್ಕತ್ತೆಯಲ್ಲಿ ಅದನ್ನು ಆರಂಭಿಸಿದರು. ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ೧೯೭೧ರಲ್ಲಿ ಪೀಕಿಂಗಿನ ಆಸ್ಪತ್ರೆಯ ಅನುಭವವನ್ನು ಬರೆದು ಪಾಶ್ಚಾತ್ಯರಲ್ಲಿ ಕುತೂಹಲವೆಬ್ಬಿಸುವುದಕ್ಕೆ ಹತ್ತು ವರ್ಷಕ್ಕೂ ಮುಂಚಿನ ಮಾತು ಇದು.

ಸರ್ಪಸುತ್ತಿನ ನೋವಿಗೆ ಸೂಜಿಯವರು ಮಾಡುವುದೇನು? ಕೂದಲಿಗಿಂತ ತುಸು ದಪ್ಪವಾದ ಉಕ್ಕಿನ ಸೂಜಿಗಳನ್ನು ಮುಖ್ಯವಾಗಿ ಎರಡು ಕಡೆ ಇಳಿಸುತ್ತಾರೆ. ಕಲೆಗಳ ಪಟ್ಟಿಯ ಸುತ್ತಲೂ ಬೇಲಿ ಹಾಕಿದಂತೆ ಓರೆಯಾಗಿ ಚುಚ್ಚುವುದು ಒಂದು. ಬೆನ್ನೆಲುಬಿನ ಇಕ್ಕೆಲಗಳಲ್ಲಿ ಅರ್ಧ ಅಂಗುಲದಷ್ಟು ದೂರದಲ್ಲಿ, ಹ್ವಾ ತುವೋ ಎಂಬ ಪ್ರಾಚೀನ ವೈದ್ಯನ ಹೆಸರಿನ ಬಿಂದುಗಳಲ್ಲಿ ಚುಚ್ಚುವುದು ಮತ್ತೊಂದು. ಪಟ್ಟಿಯ ಚರ್ಮವನ್ನು ಮುಟ್ಟಲೇ ಆಗದಿದ್ದರೆ ಮೈಯ ಇನ್ನೊಂದು ಪಕ್ಕದಲ್ಲಿ ಅದೇ ಮಟ್ಟಕ್ಕೆ ಚುಚ್ಚುತ್ತಾರೆ. ಇಪ್ಪತ್ತು ಮೂವತ್ತು ನಿಮಿಷ ಸೂಜಿಗಳು ಇರುತ್ತವೆ; ಈಗ ಹಲವರು ಅವಕ್ಕೆ ಮಂದವಾದ ವಿದ್ಯುತ್ತನ್ನು ಹರಿಸುತ್ತಾರೆ. ಹಳೆಯ ಶಾಸ್ತ್ರ ಇದನ್ನು ‘ಛೀ’ ಎಂಬ ಪ್ರಾಣಶಕ್ತಿಯ ತಡೆಯನ್ನು ಬಿಡಿಸುವುದೆಂದು ಹೇಳುತ್ತದೆ. ಆ ನಾಳಗಳನ್ನು ಅಂಗಚ್ಛೇದನ ಮಾಡಿ ಯಾರೂ ತೋರಿಸಿಲ್ಲ. ಹಾಗಿದ್ದರೂ ಬೆನ್ನೆಲುಬಿನ ಪಕ್ಕದ ಆ ಬಿಂದುಗಳು, ಯಾವ ನರಗಂಟಿನಲ್ಲಿ ರೋಗವಿದೆಯೋ ಅದೇ ಮಟ್ಟದ ನರಶಾಖೆಗಳು ಹರಡಿದ ಸ್ನಾಯುವಿನಲ್ಲಿ ಬೀಳುತ್ತವೆ. ಕಾರಣ ತಿಳಿಯದೆ ಸ್ಥಾನವನ್ನು ಸರಿಯಾಗಿ ಗುರುತಿಸಿದ ಉದಾಹರಣೆಗಳು ವೈದ್ಯದ ಇತಿಹಾಸದಲ್ಲಿ ಬೇರೆಯೂ ಇವೆ.

ಸೂಜಿಯಿಂದ ಶರೀರದಲ್ಲಿ ಏನೂ ಆಗುವುದಿಲ್ಲವೆಂಬ ವಾದವೂ ನಿಲ್ಲದು. ೧೯೭೦ರ ದಶಕದಲ್ಲಿ ಅಫೀಮಿನ ಪರಿಣಾಮವನ್ನು ತಡೆಯುವ ನಾಲೊಕ್ಸೋನ್ ಎಂಬ ಮದ್ದು ಸೂಜಿಯ ನೋವಿಳಿಕೆಯನ್ನೂ ತಡೆಯುವುದೆಂದು ಪ್ರಯೋಗಗಳು ತೋರಿಸಿದವು. ಅಂದರೆ ದೇಹವೇ ತಯಾರಿಸುವ ಅಫೀಮಿನಂಥ ದ್ರವ್ಯಗಳು ಸೂಜಿಯಿಂದ ಹೊರಬರುತ್ತವೆ. ಪೀಕಿಂಗಿನ ಹಾನ್ ಜೀಶಂಗ್ ಅವರು ವಿದ್ಯುತ್ತಿನ ಕಂಪನ ಸೆಕೆಂಡಿಗೆ ೨ ಇದ್ದಾಗ ಒಂದು ದ್ರವ್ಯವೂ ೧೦೦ ಇದ್ದಾಗ ಇನ್ನೊಂದೂ ಬಿಡುಗಡೆಯಾಗುವುದೆಂದು ತೋರಿಸಿದರು. ಆದರೆ ಇವೆಲ್ಲ ಬಹುಮಟ್ಟಿಗೆ ಗಾಯಗೊಳ್ಳದ ನರದ ಮೇಲಿನ ಪ್ರಯೋಗಗಳು. ಸೂಜಿಯ ಸುದ್ದಿಯನ್ನು ಒಯ್ಯಬೇಕಾದ ನರವೇ ಸುಟ್ಟುಹೋದಲ್ಲಿ ಅವು ಹಾಗೆಯೇ ಅನ್ವಯಿಸುತ್ತವೆಯೆಂದು ಹೇಳುವಂತಿಲ್ಲ. ಆದಕಾರಣ ರೋಗಿಗಳ ಮೇಲಿನ ಪರೀಕ್ಷೆಯೇ ಪ್ರಮಾಣವಾಗಬೇಕು.

ಅಂಥ ಪರೀಕ್ಷೆಯೊಂದನ್ನು ೧೯೮೩ರಲ್ಲಿ ಇಂಗ್ಲೆಂಡಿನ ಜಾರ್ಜ್ ಲೆವಿತ್ ಮತ್ತು ಸಂಗಡಿಗರು ಪ್ರಕಟಿಸಿದರು. ಲೆವಿತ್ ಸೂಜಿಚಿಕಿತ್ಸೆಯ ವಿರೋಧಿಯಲ್ಲ, ಅದರಲ್ಲಿ ನುರಿತವರು. ಆದುದರಿಂದ ಅವರ ಫಲಿತಕ್ಕೆ ಹೆಚ್ಚಿನ ತೂಕ. ಈ ನರವೇದನೆಯ ೬೨ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕಿವಿಯಲ್ಲಿಯೂ ಮೈಯಲ್ಲಿಯೂ ಸೂಜಿ, ಇನ್ನೊಂದಕ್ಕೆ ವಿದ್ಯುತ್ತು ಹರಿಯದ ಹುಸಿ ಯಂತ್ರ ಕೊಟ್ಟರು. ಎರಡು ಗುಂಪುಗಳಲ್ಲಿಯೂ ತಲಾ ಏಳು ಜನರಿಗೆ ಗಣನೀಯ ಸುಧಾರಣೆಯಾಯಿತು. ಅಂತರ ಸೊನ್ನೆ. ಮುಂದೆ ೨೦೧೧ರಲ್ಲಿ ಇಟಲಿಯಲ್ಲಿ ಹಳೆಯ ನೋವಿಗಲ್ಲ, ಸರ್ಪಸುತ್ತಿನ ಮೊದಲ ದಿನಗಳ ತೀವ್ರ ನೋವಿಗೆ ೧೦೨ ರೋಗಿಗಳಲ್ಲಿ ಸೂಜಿಯನ್ನೂ ರೂಢಿಯ ಔಷಧಗಳನ್ನೂ ಹೋಲಿಸಿದರು; ಎರಡರಿಂದಲೂ ನೋವು ಇಳಿಯಿತು, ಎರಡಕ್ಕೂ ಎದ್ದುಕಾಣುವ ಭೇದ ತೋರಲಿಲ್ಲ. ಸೂಜಿಯ ಪಕ್ಷದವರು ಇದನ್ನು ಔಷಧಕ್ಕೆ ಸಮನಾದ ಗೆಲುವೆಂದು ಓದುತ್ತಾರೆ. ಆದರೆ ಇಲ್ಲಿ ಹುಸಿಚಿಕಿತ್ಸೆಯ ಮೂರನೆಯ ಗುಂಪು ಇರಲಿಲ್ಲ. ತೀವ್ರ ನೋವು ದಿನ ಕಳೆದಂತೆ ತಾನಾಗಿಯೂ ಇಳಿಯುವಂಥದು. ಕೆಮ್ಮಣ್ಣಿನ ಕುಂಬಾರನ ಪ್ರಶ್ನೆಯೇ ಮತ್ತೆ ಎದುರಾಗುತ್ತದೆ.

ಚೀನದಿಂದ ಬಂದ ಪರೀಕ್ಷೆಗಳ ಸಂಖ್ಯೆ ದೊಡ್ಡದು, ಫಲಿತಗಳೂ ಬಹುತೇಕ ಅನುಕೂಲವೇ. ಅವುಗಳನ್ನು ಒಟ್ಟುಗೂಡಿಸಿದ ಈಚಿನ ಸಮೀಕ್ಷೆಗಳಲ್ಲಿ ಸೂಜಿಯಿಂದ ನೋವು ಇಳಿಯುವಂತೆ ತೋರಿದರೂ, ಗುಂಪುಗಳು ಸಣ್ಣವು, ಯಾವ ಚಿಕಿತ್ಸೆಯೆಂಬುದು ರೋಗಿಗೂ ವೈದ್ಯನಿಗೂ ತಿಳಿದೇ ಇತ್ತು, ಆದುದರಿಂದ ಪ್ರಮಾಣ ದುರ್ಬಲ ಎಂಬ ಷರಾ ತಪ್ಪದೆ ಇರುತ್ತದೆ. ೧೯೯೮ರಲ್ಲಿ ಆಂಡ್ರೂ ವಿಕರ್ಸ್ ಮತ್ತು ಸಂಗಡಿಗರು ನಾನಾ ದೇಶಗಳ ಸೂಜಿಪರೀಕ್ಷೆಗಳನ್ನು ಲೆಕ್ಕಹಾಕಿದಾಗ ಚೀನದಿಂದ ಬಂದವೆಲ್ಲವೂ ಅನುಕೂಲವಾಗಿಯೇ ಇದ್ದವು. ಎಂದೂ ಸೋಲದ ಪರೀಕ್ಷೆಯನ್ನು ಪರೀಕ್ಷೆಯೆನ್ನುವುದು ಕಷ್ಟ.

ಹುಸಿಸೂಜಿಯ ತೊಡಕೂ ಸಾಮಾನ್ಯವಲ್ಲ. ಗುಳಿಗೆಯಾದರೆ ಹಿಟ್ಟಿನ ಗುಳಿಗೆ ಮಾಡಬಹುದು. ಚುಚ್ಚದೆ ಚುಚ್ಚಿದಂತೆ ನಟಿಸುವುದು ಹೇಗೆ? ೧೯೯೮ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ನಾಟಕದ ಚೂರಿಯಂತೆ ಹಿಡಿಯೊಳಗೆ ಸರಿಯುವ ಮೊಂಡುಸೂಜಿಯೊಂದನ್ನು ರೂಪಿಸಿದನು. ಆದರೂ ಚರ್ಮಕ್ಕೆ ತಾಗಿದ್ದಂತೂ ಆಯಿತು. ಬರಿಯ ಸ್ಪರ್ಶವೂ ನರದ ಮೇಲೆ ಕೆಲಸ ಮಾಡದಿರದು. ಬೆನ್ನುನೋವನ್ನು ಕುರಿತ ೨೦೦೭ರ ಜರ್ಮನ್ ಪರೀಕ್ಷೆ ಈ ಇಕ್ಕಟ್ಟನ್ನು ಸ್ಪಷ್ಟಪಡಿಸುತ್ತದೆ. ೧,೧೬೨ ರೋಗಿಗಳಲ್ಲಿ ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಿಗೆ ನೂರಕ್ಕೆ ೪೭.೬ರಷ್ಟು, ಬಿಂದುಗಳಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಿಗೆ ೪೪.೨ರಷ್ಟು, ರೂಢಿಯ ಚಿಕಿತ್ಸೆಯವರಿಗೆ ೨೭.೪ರಷ್ಟು ಗುಣ ಕಂಡಿತು. ಬಿಂದುಗಳ ಶಾಸ್ತ್ರಕ್ಕೆ ಇದು ಸೋಲು. ಚುಚ್ಚಿಸಿಕೊಂಡ ರೋಗಿಗೆ ಸೋಲಲ್ಲ. ಆದರೆ ಬೆನ್ನುನೋವು ಬೇರೆ, ನರದ ಗಾಯದ ನೋವು ಬೇರೆ. ಬ್ರಿಟನ್ನಿನ ರಾಷ್ಟ್ರೀಯ ವೈದ್ಯಸೂಚನೆ ೨೦೨೧ರಲ್ಲಿ ಕಾರಣ ತಿಳಿಯದ ದೀರ್ಘ ನೋವುಗಳಿಗೆ ಸೂಜಿಯನ್ನು ಪರಿಗಣಿಸಬಹುದೆಂದಿತು. ಸರ್ಪಸುತ್ತಿನ ನೋವಿಗೆ ಕಾರಣ ತಿಳಿದಿರುವುದರಿಂದ ಅದು ಆ ಗುಂಪಿಗೆ ಸೇರುವುದಿಲ್ಲ.

ಹೀಗಿರಲು, ಔಷಧ ಹಿಡಿಸದ ಅಥವಾ ಸಾಲದ ರೋಗಿಯು ಸೂಜಿಯನ್ನು ಒಮ್ಮೆ ಪ್ರಯತ್ನಿಸಿ ನೋಡುವುದರಲ್ಲಿ ತಪ್ಪಿಲ್ಲ. ಗುಣವಾಗಿಯೇ ತೀರುವುದೆಂಬ ಭರವಸೆಗೆ ಹಣ ಸುರಿಯುವುದು ತಪ್ಪು. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ದಿನವೂ ಬರೆದಿಟ್ಟು, ಆರೆಂಟು ಸರದಿಗಳಾದ ಮೇಲೆ ಇಳಿಕೆ ಕಾಣದಿದ್ದರೆ ನಿಲ್ಲಿಸುವುದು ಲೇಸು. ನಡೆಯುತ್ತಿರುವ ಮಾತ್ರೆಗಳನ್ನು ಸೂಜಿಯ ಸಲುವಾಗಿ ಥಟ್ಟನೆ ಬಿಡಬಾರದು. ಅಪಾಯಗಳು ವಿರಳ, ಆದರೆ ಇಲ್ಲವೆನ್ನುವಂತಿಲ್ಲ. ಜರ್ಮನಿಯಲ್ಲಿ ೯೭,೭೩೩ ರೋಗಿಗಳನ್ನು ಗಮನಿಸಿ ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಬ್ಬರಿಗೆ ಎದೆಗೂಡಿನೊಳಗೆ ಗಾಳಿ ಸೇರಿ ಶ್ವಾಸಕೋಶ ಕುಸಿದುದು ದಾಖಲಾಗಿದೆ. ಸರ್ಪಸುತ್ತು ಎಲ್ಲಕ್ಕಿಂತ ಹೆಚ್ಚಾಗಿ ಬರುವುದು ಎದೆಯ ಪಟ್ಟಿಯಲ್ಲಿಯೇ ಆದುದರಿಂದ, ಪಕ್ಕೆಲುಬುಗಳ ನಡುವೆ ಅಜ್ಞನ ಕೈಯ ಸೂಜಿ ಆಳಕ್ಕಿಳಿಯುವ ಭಯ ಇಲ್ಲಿ ಹೆಚ್ಚು. ರಕ್ತವನ್ನು ತೆಳುಮಾಡುವ ಮದ್ದು ಸೇವಿಸುವವರು ಅದನ್ನು ಮೊದಲೇ ಹೇಳಬೇಕು. ಒಮ್ಮೆ ಬಳಸಿ ಬಿಸಾಡುವ ಸೂಜಿಯ ಲಕೋಟೆಯನ್ನು ತನ್ನ ಕಣ್ಣೆದುರಿಗೇ ಒಡೆಯುವಂತೆ ಕೇಳುವ ಹಕ್ಕು ರೋಗಿಗೆ ಉಂಟು. ಕೇಳಲು ಸಂಕೋಚಪಡುವವರೇ ಹೆಚ್ಚು. ಮಹಾರಾಷ್ಟ್ರದಲ್ಲಿ ೨೦೧೫ರ ಅಕ್ಯುಪಂಕ್ಚರ್ ಚಿಕಿತ್ಸಾ ಕಾನೂನಿದೆ. ಕೇಂದ್ರ ಸರಕಾರವು ೨೦೧೯ರಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾಕ್ರಮವೆಂದು ಮನ್ನಿಸಿತು. ಮನ್ನಣೆಯೆಂದರೆ ಯಾರು ಚುಚ್ಚಬಹುದೆಂಬುದರ ವ್ಯವಸ್ಥೆ. ಈ ನೋವಿಗೆ ಅದು ಫಲಿಸುತ್ತದೆಂಬ ಪ್ರಮಾಣಪತ್ರವಲ್ಲ.

ಸೂಜಿಯಿಂದ ಆಗಬಹುದಾದ ದೊಡ್ಡ ಕೇಡು ಚುಚ್ಚುವುದರಲ್ಲಿ ಇಲ್ಲ, ಕಾಲ ಕಳೆಯುವುದರಲ್ಲಿದೆ. ಮೈಯ ಒಂದೇ ಪಕ್ಕದಲ್ಲಿ ಉರಿಯೊಡನೆ ಗುಳ್ಳೆಗಳ ಸಾಲು ಎದ್ದ ೭೨ ಗಂಟೆಗಳೊಳಗೆ ಅಸೈಕ್ಲೋವಿರ್ ಅಥವಾ ಅದರ ವರ್ಗದ ಔಷಧವನ್ನು ಆರಂಭಿಸಿದರೆ ಗುಳ್ಳೆ ಬೇಗ ಒಣಗುತ್ತದೆ, ಆರಂಭದ ನೋವಿನ ತೀವ್ರತೆಯೂ ತಗ್ಗುತ್ತದೆ. ಸಾಮಾನ್ಯವಾಗಿ ೮೦೦ ಮಿಲಿಗ್ರಾಮಿನಂತೆ ದಿನಕ್ಕೆ ಐದು ಸಲ, ಏಳು ದಿನ. ಮೂತ್ರಪಿಂಡ ದುರ್ಬಲವಾದವರಿಗೆ ಪ್ರಮಾಣವನ್ನು ವೈದ್ಯರೇ ಇಳಿಸಬೇಕು. ಹಣೆಯ ಮೇಲೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೆ ಅಪಾಯವಿರುವುದರಿಂದ ಆ ದಿನವೇ ಕಣ್ಣಿನ ವೈದ್ಯರ ಬಳಿಗೆ ಹೋಗತಕ್ಕದ್ದು. ಮೊದಲ ಮೂರು ದಿನಗಳನ್ನು ಕೆಮ್ಮಣ್ಣಿಗೋ ಸೂಜಿಗೋ ಕೊಟ್ಟವರಿಗೆ ಅವು ಮರಳಿ ಬರುವುದಿಲ್ಲ.

ಇನ್ನು ರೋಗವೇ ಬಾರದಂತೆ ತಡೆಯುವ ಲಸಿಕೆಯ ಮಾತು. ೨೦೦೬ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮೊದಲ ಲಸಿಕೆ ಸರ್ಪಸುತ್ತನ್ನು ಅರ್ಧದಷ್ಟು ಮಾತ್ರ ತಡೆಯುತ್ತಿತ್ತು. ೨೦೧೭ರಲ್ಲಿ ಬಂದ ಶಿಂಗ್ರಿಕ್ಸ್ ಎಂಬುದು ಐವತ್ತು ದಾಟಿದವರ ೨೦೧೫ರ ಪರೀಕ್ಷೆಯಲ್ಲಿ ನೂರಕ್ಕೆ ೯೭ರಷ್ಟು, ಎಪ್ಪತ್ತು ದಾಟಿದವರಲ್ಲಿಯೂ ಸುಮಾರು ೯೦ರಷ್ಟು ರಕ್ಷಣೆ ಕೊಟ್ಟಿತು. ರೋಗವೇ ಬಾರದ ಮೇಲೆ ಅನಂತರದ ನರವೇದನೆಗೂ ಎಡೆಯಿಲ್ಲ. ೨೦೨೩ರಿಂದ ಅದು ಭಾರತದಲ್ಲಿಯೂ ದೊರೆಯುತ್ತಿದೆ. ಬೆಲೆ ಪಿಂಚಣಿಯ ಮೇಲೆ ಬದುಕುವವರಿಗೆ ಭಾರವೇ. ತೋಳಿಗೆ ಎರಡು ಸಲ, ಎರಡರಿಂದ ಆರು ತಿಂಗಳ ಅಂತರದಲ್ಲಿ ಕೊಡುತ್ತಾರೆ. ಒಮ್ಮೆ ಸರ್ಪಸುತ್ತು ಆಗಿ ವಾಸಿಯಾದವರೂ ಅದನ್ನು ತೆಗೆದುಕೊಳ್ಳಬಹುದು.